ಎಡಗಡೆಯ ಕಿಡ್ನಿ

ಹೊಟ್ಟೆ ತುಂಬ ನೀರು ಕುಡಿದು, ಒಂದಕ್ಕೆ ಹೋಗದೆ ತಡೆದುಕೊಂಡು ಬರಬೇಕೆಂದು ಸ್ಕ್ಯಾನಿಂಗ್ ಸೆಂಟರಿನವರು ಹೇಳಿದ್ದರು. ಮಧುಮತಿ ಹಾಗೇ ಬಂದಿದ್ದಳು. ಆದರೆ ಅಫಜಲಪುರದ ಆ ಸಣ್ಣ ಕೋಣೆಯ ಹೊರಗೆ ಬಸುರಿಯರ ಸಾಲೇ ಇತ್ತು. ಮೊದಲೇ ಉರಿಮೂತ್ರ, ಕಿಬ್ಬೊಟ್ಟೆ ನೋವು ಎಂದು ಸರಕಾರಿ ದವಾಖಾನೆಗೆ ತೋರಿಸಿಕೊಂಡವಳು. ಎಷ್ಟು ಹೊತ್ತು ಹಲ್ಲು ಕಚ್ಚಿ ಕೂತಾಳು? ಕೊನೆಗೆ ಎದ್ದು ಹೋಗಿ ಹಗುರಾಗಿ ಬಂದಳು. ಬಂದು ಕೂರುವಷ್ಟರಲ್ಲಿ ಅವಳ ಹೆಸರನ್ನೇ ಕೂಗಿದರು.

ಒಳಗಿದ್ದ ಡಾಕ್ಟರಿಗೆ ಅವಸರ. ಹೊಟ್ಟೆಗೆ ತಣ್ಣನೆಯ ಅಂಟು ಬಳಿದು ಯಂತ್ರ ಆಡಿಸಿದ. ಬಲಗಡೆ ಬೇಗ ಮುಗಿಯಿತು. ಎಡಗಡೆಗೆ ಬಂದವನು ಅಲ್ಲೇ ನಿಂತ. ಮಗ್ಗುಲಾಗು ಎಂದ, ಉಸಿರು ಹಿಡಿ ಎಂದ, ಬೆನ್ನಿನ ಕಡೆಯಿಂದ ಒತ್ತಿ ನೋಡಿದ.

"ಹಿಂದ ಏನರ ಆಪರೇಷನ್ ಆಗ್ಯದೇನು?"

"ಆಗ್ಯದ್ರಿ. ಮದಿವಿ ಆಗೋಕಿಂತ ಮೊದಲ. ಅಪೆಂಡಿಕ್ಸ್ ಒಡದಿತ್ತು."

"ಎಡಗಡಿ ಕಿಡ್ನಿ ತಗದಾರೇನು?"

ಮಧುಮತಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ಇಲ್ರಿ. ಯಾಕ್ರಿ?"

"ಅದರ ಜಾಗದಾಗ ಇಲ್ಲ. ಬರದ ಕೊಡ್ತೇನಿ, ದೊಡ್ಡ ಡಾಕ್ಟರಿಗೆ ತೋರಿಸ್ರಿ." ಅಷ್ಟೇ ಹೇಳಿ ಅವನು ಮುಂದಿನವಳ ಹೆಸರು ಕೂಗಿಸಿದ.

ಜಾಗದಾಗ ಇಲ್ಲ ಎಂಬ ಮಾತಿನಲ್ಲಿ ಮಧುಮತಿಯ ಕಿವಿಗೆ ಬಿದ್ದದ್ದು ಕೊನೆಯ ಶಬ್ದ ಒಂದೇ. ಸೀರೆ ಸರಿಪಡಿಸಿಕೊಂಡು ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಬಸ್ ಸ್ಟ್ಯಾಂಡಿನ ಗದ್ದಲ, ಕಲ್ಲಂಗಡಿ ಮಾರುವವನ ಕೂಗು, ಎಲ್ಲ ದೂರದಿಂದ ಬಂದಂತಿತ್ತು. ನಡೆಯುತ್ತ ನಡೆಯುತ್ತ ಕೈ ತಾನಾಗಿ ಎಡಪಕ್ಕೆಗೆ ಹೋಯಿತು. ಮುಟ್ಟಿದರೆ ಮೆತ್ತಗಿತ್ತು. ಒಳಗೆ ಟೊಳ್ಳು ಇರುವ ಹಾಗೆ ಅನಿಸಿತು.

ಅವಳು ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವವಳು. ಗಂಡ ದೇವಾನಂದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಬ್ಬರು ಹೆಣ್ಣುಮಕ್ಕಳು. ತವರುಮನೆ ಆಳಂದ ತಾಲೂಕಿನ ಹಿರೋಳ್ಳಿ, ಮಹಾರಾಷ್ಟ್ರದ ಗಡಿಯ ಹತ್ತಿರ. ಹದಿನೇಳರ ವಯಸ್ಸಿನಲ್ಲಿ ಹೊಟ್ಟೆನೋವಿನಿಂದ ಒದ್ದಾಡಿದಾಗ ಅಣ್ಣ ಪ್ರಬುದ್ಧ ಅವ್ವನ ಜೊತೆಗೂಡಿ ಅವಳನ್ನು ಜೀಪಿನಲ್ಲಿ ಹಾಕಿಕೊಂಡು ಗಡಿಯಾಚೆಯ ಖಾಸಗಿ ದವಾಖಾನೆಗೆ ಒಯ್ದಿದ್ದ. ಹೊಕ್ಕುಳದ ಕೆಳಗೆ ಬೆರಳುದ್ದದ ಗಾಯದ ಗುರುತು ಆವತ್ತಿನದು. ಇಷ್ಟು ವರ್ಷ ಅದು ಬರೀ ಗುರುತಾಗಿತ್ತು. ಆ ಸಂಜೆ ಕನ್ನಡಿಯ ಮುಂದೆ ನಿಂತು ನೋಡಿದಾಗ ಯಾರೋ ಕಳ್ಳರು ಒಳಹೊಕ್ಕ ಬಾಗಿಲಿನಂತೆ ಕಂಡಿತು.

ಮರುದಿನ ಅಡುಗೆಮನೆಯಲ್ಲಿ ಜೊತೆಗಾತಿ ನಿಂಬೆವ್ವನ ಮುಂದೆ ಬಾಯಿಬಿಟ್ಟಳು. ನಿಂಬೆವ್ವ ಅಕ್ಕಿ ತೊಳೆಯುವುದನ್ನು ನಿಲ್ಲಿಸಿದಳು.

"ಯವ್ವಾ, ತಗದಾರಬೇ ಅವರು! ಜೇವರ್ಗಿ ಕಡೆ ಒಬ್ಬಾಕಿಗಿ ಹಿಂಗ ಆಗಿತ್ತಂತ. ಗರ್ಭಚೀಲ ತಗೀತೇವಂತ ಕರಕೊಂಡ ಹೋಗಿ ಕಿಡ್ನಿನ ತಗದ ಮಾರ್ಯಾರಂತ."

"ಯಾರ ಹೇಳಿದ್ರು ನಿನಗ?"

"ಎಲ್ಲಾರೂ ಹೇಳ್ತಾರ. ನಿನ್ನ ಯಾರ ಕರಕೊಂಡ ಹೋಗಿದ್ರು ಆಪರೇಷನ್ನಿಗಿ?"

"ನಮ್ಮಣ್ಣ."

ನಿಂಬೆವ್ವ ತಲೆ ತಗ್ಗಿಸಿ ಮತ್ತೆ ಅಕ್ಕಿ ತೊಳೆಯತೊಡಗಿದಳು. ಅದೇ ಮಧುಮತಿಯನ್ನು ಹೆಚ್ಚು ಹೆದರಿಸಿತು.

ಮನೆಯಲ್ಲಿ ದೇವಾನಂದನೂ ಅದೇ ಕೇಳಿದ. ಅವನಿಗೆ ಹೆದರಿಕೆಯಾದರೆ ಅದು ಸಿಟ್ಟಾಗಿಯೇ ಹೊರಗೆ ಬರುತ್ತಿತ್ತು. ಮಕ್ಕಳಿಗೆ ಜ್ವರ ಬಂದರೂ ಪಾತ್ರೆಗಳ ಮೇಲೆ ರೇಗುವ ಮನುಷ್ಯ. "ಆಪರೇಷನ್ ಆದ ಮ್ಯಾಲ ಅವ ಟಂಟಂ ತಗೊಂಡನಲ್ಲ, ಯಾವಾಗ?"

"ಮರುವರ್ಷ ಇರಬೇಕು."

"ಎಲ್ಲಿಂದ ಬಂತು ರೊಕ್ಕ?"

"ನನಗೇನ್ ಗೊತ್ತು? ನಮ್ಮಣ್ಣ ಅಂಥಾವ ಅಲ್ರಿ."

ಅಂಥವನಲ್ಲ ಎಂದಳೇ ಹೊರತು, ಆ ಪ್ರಶ್ನೆ ಅವಳೊಳಗೂ ಹೊಕ್ಕು ಕೂತಿತು. ಪ್ರಬುದ್ಧ ಈಗ ಚೌಡಾಪುರದಲ್ಲಿದ್ದ. ಗಾಣಗಾಪುರಕ್ಕೆ ಹೋಗುವ ಭಕ್ತರನ್ನು ತನ್ನ ಮೂರು ಗಾಲಿಯ ಟಂಟಂನಲ್ಲಿ ಕೂರಿಸಿಕೊಂಡು ಓಡಾಡುತ್ತಿದ್ದ. ಅಪ್ಪ ಸತ್ತ ಮೇಲೆ ಅವಳನ್ನು ಓದಿಸಿದವನು, ಮದುವೆ ಮಾಡಿದವನು. ಅವನ ಮುಖ ನೆನೆಸಿಕೊಂಡರೆ ಅಳು ಬರುತ್ತಿತ್ತು. ಎಡಪಕ್ಕೆ ಮುಟ್ಟಿಕೊಂಡರೆ ಆ ಅಳು ನಿಂತು ಮೈ ತಣ್ಣಗಾಗುತ್ತಿತ್ತು.

ದೊಡ್ಡ ಡಾಕ್ಟರಿಗೆ ತೋರಿಸು ಎಂದಿದ್ದರಲ್ಲ, ಅವಳು ಹೋಗಲಿಲ್ಲ. ಒಂದನ್ನು ಕದ್ದವರು ಡಾಕ್ಟರರೇ ಎಂದಮೇಲೆ ಉಳಿದದ್ದನ್ನು ಅವರ ಕೈಗೆ ಒಪ್ಪಿಸುವುದು ಹೇಗೆ? ತಾನೇ ಕಾಪಾಡಿಕೊಳ್ಳಬೇಕು ಎಂದುಕೊಂಡಳು. ಎರಡು ಎತ್ತಿನ ಬಂಡಿಗೆ ಒಂದೇ ಎತ್ತು ಕಟ್ಟಿದ ಹಾಗಾಗಿದೆ, ಭಾರ ಇಳಿಸಿದರೆ ಮಾತ್ರ ಅದು ಬದುಕೀತು ಎಂಬುದು ಅವಳ ಲೆಕ್ಕ. ಮೂತ್ರ ಮಾಡುವುದು ತಾನೇ ಅದರ ಕೆಲಸ? ನೀರು ಕಡಿಮೆ ಕುಡಿದರೆ ಕೆಲಸ ಕಡಿಮೆ. ಬೆಳಿಗ್ಗೆ ಒಂದು ಲೋಟ, ಊಟಕ್ಕೆ ಅರ್ಧ ಲೋಟ ಎಂದು ಗೊತ್ತುಮಾಡಿಕೊಂಡಳು. ಮಜ್ಜಿಗೆ ಬಿಟ್ಟಳು, ಚಹಾ ಬಿಟ್ಟಳು. ನಡು ನೋಯತೊಡಗಿದಾಗ ಔಷಧಿ ಅಂಗಡಿಯಿಂದ ನೋವಿನ ಗುಳಿಗೆ ತರಿಸಿ ನುಂಗಿದಳು.

ಬೇಸಿಗೆ ಏರುತ್ತಿತ್ತು. ಶಾಲೆಯ ಅಡುಗೆಮನೆಗೆ ತಗಡಿನ ಮಾಡು. ದೊಡ್ಡ ಬೋಗುಣಿಯಲ್ಲಿ ಬೇಳೆ ಕುದಿಯುವಾಗ ಒಳಗೆ ನಿಲ್ಲುವುದೇ ಕಷ್ಟ. ಬೆವರು ಬೆನ್ನಿಗುಂಟ ಇಳಿಯುತ್ತಿತ್ತು, ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಆದರೂ ನೀರಿನ ಕೊಡದ ಕಡೆ ನೋಡುತ್ತಿರಲಿಲ್ಲ.

ಮೂತ್ರ ಕಡಿಮೆಯಾಯಿತು. ಬಣ್ಣ ಕಡು ಹಳದಿಯಾಯಿತು, ಆಮೇಲೆ ಹಾಲಿಲ್ಲದ ಚಹಾದಂತಾಯಿತು. ಉಳಿದದ್ದೂ ಹೋಗುತ್ತಿದೆ! ಒಂಟಿ ಎತ್ತು ಕುಸಿಯುತ್ತಿದೆ! ಮೊದಲೇ ಕಡಿಮೆ ಮಾಡಿದ್ದ ನೀರನ್ನು ಇನ್ನಷ್ಟು ಕಡಿಮೆ ಮಾಡಿದಳು. ಒಂದಕ್ಕೆ ಹೋಗಲೇ ಹೆದರಿಕೆ; ಹೋದರೆ ಬಣ್ಣ ನೋಡಬೇಕಲ್ಲ. ಹಿರಿಯ ಮಗಳು ಒಂದು ದಿನ ಕೇಳಿದಳು, "ಅವ್ವಾ, ನಿನ್ನ ತುಟಿ ಯಾಕ ಹಂಗ ಒಡದಾವ?" ಅವಳು ಮಗಳನ್ನು ತಬ್ಬಿಕೊಂಡಳು. ತಾನು ಸತ್ತರೆ ಇವಕ್ಕೆ ಜಡೆ ಹಾಕುವವರು ಯಾರು ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಅದೇ ವಾರ ದೇವಾನಂದ ರಜೆ ಹಾಕಿ ಎಲ್ಲಿಗೋ ಹೋಗಿ ಬಂದ. ಮುಖ ಕೆಂಪಾಗಿತ್ತು.

"ಚೌಡಾಪುರಕ್ಕ ಹೋಗಿದ್ದೆ," ಎಂದ. "ಸ್ಟ್ಯಾಂಡಿನ್ಯಾಗ ಎಲ್ಲಾರ ಮುಂದ ಕೇಳೇನಿ. ನನ್ನ ಹೇಂತಿ ಕಿಡ್ನಿ ಯಾರಿಗಿ ಮಾರಿದಿ ಅಂತ."

ಮಧುಮತಿ ಕೂತಲ್ಲಿಂದ ಎದ್ದಳು. "ಹಂಗ್ಯಾಕ ಕೇಳಿದ್ರಿ? ನಾ ಕೇಳು ಅಂದಿದ್ನೇನು?"

"ಮತ್ತ ಯಾರ್ ಕೇಳಬೇಕು?"

"ಏನಂದ ಅಣ್ಣ?"

"ಏನೂ ಅನಲಿಲ್ಲ. ನಿಂತ ನೋಡಿದ." ದೇವಾನಂದನ ದನಿ ಇಳಿಯಿತು. "ಅವನ ಮಾರಿ ನೋಡಿದ್ರ ಅವಗೂ ಏನೋ ಗೊತ್ತದ ಅನಸ್ತು."

ಮರುದಿನ ಬೆಳಿಗ್ಗೆ ಶಾಲೆಯ ಅಡುಗೆಮನೆಯ ಬಾಗಿಲಲ್ಲಿ ಪ್ರಬುದ್ಧ ಬಂದು ನಿಂತ. ಅವನ ಟಂಟಂ ಗೇಟಿನ ಹೊರಗೆ ನಿಂತಿತ್ತು. ಅಂಗಿಯ ಗುಂಡಿ ಹಾಕಿಕೊಂಡದ್ದು ಹೆಚ್ಚುಕಡಿಮೆಯಾಗಿತ್ತು. ನಿಂಬೆವ್ವ ಸೌಟು ಹಿಡಿದುಕೊಂಡೇ ಮೂಲೆಗೆ ಸರಿದಳು.

"ಮಧು, ಖರೇ ಏನು?"

ಅವಳು ತಲೆ ಎತ್ತಲಿಲ್ಲ. "ಡಾಕ್ಟರ್ ಹೇಳ್ಯಾರ. ಎಡಗಡಿದು ಇಲ್ಲಂತ."

ಬೈಯುತ್ತಾನೆ, ಆಣೆ ಮಾಡುತ್ತಾನೆ ಎಂದುಕೊಂಡಿದ್ದಳು. ಅವನು ಅದಾವುದನ್ನೂ ಮಾಡಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತು, ಎರಡೂ ಕೈಯಿಂದ ತಲೆ ಹಿಡಿದುಕೊಂಡ.

"ನಿನ್ನ ಒಳಗ ಒಯ್ದಾಗ ನಾ ಹೊರಗ ಇರಲಿಲ್ಲಬೇ. ರಕ್ತ ಬೇಕು, ತಗೊಂಡ ಬಾ ಅಂದ್ರು. ಊರಾಗ ಎಲ್ಲಿ ಸಿಗ್ತದೋ ಗೊತ್ತಿಲ್ಲ, ಅಲ್ಲಿಯ ಭಾಷಾ ಪೂರಾ ಬರೂದಿಲ್ಲ. ಹೊಳ್ಳಿ ಬರೂದ್ರಾಗ ಎಲ್ಲಾ ಮುಗದಿತ್ತು. ಎಲ್ಲೆಲ್ಲಿ ಹೆಬ್ಬಟ್ಟ ಒತ್ತು ಅಂದ್ರೋ ಅಲ್ಲೆಲ್ಲಾ ಅವ್ವ ಒತ್ತಿದ್ಲು. ಒಳಗ ಏನ್ ಮಾಡ್ಯಾರೋ ನನಗೇನ್ ಗೊತ್ತು? ನಾ ಅಲ್ಲೇ ಕುಂತಿರಬೇಕಾಗಿತ್ತು."

ಅಣ್ಣ ಅಳುವುದನ್ನು ಅವಳು ಅಪ್ಪ ಸತ್ತ ದಿನ ಬಿಟ್ಟರೆ ಕಂಡಿರಲಿಲ್ಲ. ಇವನು ಮಾರಿದವನಲ್ಲ ಎಂದು ಆ ಕ್ಷಣಕ್ಕೆ ಅವಳಿಗೆ ಖಾತ್ರಿಯಾಯಿತು. ಅದರ ಬೆನ್ನಿಗೇ ಇನ್ನೊಂದು ಹೆದರಿಕೆ ಬಂತು: ಅಣ್ಣನೂ ನಂಬಿದ ಎಂದರೆ ಇದು ಖರೆಯೇ. ಏನೋ ಹೇಳಲು ಬಾಯಿ ತೆರೆದಳು. ತಗಡಿನ ಮಾಡು ಒಂದು ಸುತ್ತು ತಿರುಗಿತು. ನಿಂಬೆವ್ವ "ಹಿಡೀರಿ, ಹಿಡೀರಿ" ಎಂದು ಒದರಿದ್ದು ಕೇಳಿಸಿತು, ಅಷ್ಟೇ.

ಎಚ್ಚರಾದಾಗ ಟಂಟಂನ ಹಿಂದಿನ ಸೀಟಿನಲ್ಲಿ ನಿಂಬೆವ್ವನ ತೊಡೆಯ ಮೇಲೆ ಮಲಗಿದ್ದಳು. ತಾಲೂಕು ದವಾಖಾನೆಯವರು ನಾಡಿ ನೋಡಿ, ಸಲಾಯಿನ್ ಹಚ್ಚಿ, ಕಲಬುರಗಿಗೆ ಒಯ್ಯಿರಿ ಎಂದರು. ಆ್ಯಂಬುಲೆನ್ಸಿನಲ್ಲಿ ಅವಳ ಎದುರಿಗೆ ಸುದ್ದಿ ತಿಳಿದು ಓಡಿಬಂದಿದ್ದ ಗಂಡ, ಅವನ ಪಕ್ಕದಲ್ಲಿ ಅಣ್ಣ. ಇಬ್ಬರ ಮೊಣಕಾಲು ಒಂದಕ್ಕೊಂದು ತಾಗುತ್ತಿದ್ದವು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಕಲಬುರಗಿಯ ದವಾಖಾನೆಯಲ್ಲಿ ರಕ್ತ ತೆಗೆದುಕೊಂಡರು. ಅವಳ ಮಂಚದ ಎದುರಿನ ಗಾಜಿನ ಬಾಗಿಲಾಚೆ ಡಯಾಲಿಸಿಸ್ ಕೋಣೆ. ಅವಳದೇ ವಯಸ್ಸಿನ ಹೆಂಗಸೊಬ್ಬಳು ಕಣ್ಣು ಮುಚ್ಚಿ ಒರಗಿದ್ದಳು. ತೋಳಿನಿಂದ ಹೊರಟ ಕೆಂಪು ನಳಿಕೆ ಪಕ್ಕದ ಯಂತ್ರದೊಳಗೆ ಹೋಗಿ ಮತ್ತೆ ಅವಳ ತೋಳಿಗೇ ಬರುತ್ತಿತ್ತು. ಮಧುಮತಿ ಮುಖ ಗೋಡೆಗೆ ತಿರುಗಿಸಿಕೊಂಡಳು. ಗೋಡೆಯ ಮೇಲೂ ಆ ಕೆಂಪು ನಳಿಕೆಯೇ ಕಂಡಿತು.

ಕಿಡ್ನಿ ಡಾಕ್ಟರು ಸುಮಂಗಲಾ ಎಂಬವರು. ನಡುವಯಸ್ಸಿನ, ಗಟ್ಟಿ ದನಿಯ ಹೆಂಗಸು. ರಕ್ತದ ವರದಿ ನೋಡಿ ಮಂಚದ ಅಂಚಿಗೆ ಬಂದು ಕೂತರು.

"ತವರಮನಿ ಹಿರೋಳ್ಳಿ ಅಂತಲ್ಲ? ನಾನೂ ಆಳಂದದಾಕಿ. ಈಗ ಖರೇ ಹೇಳು. ರಕ್ತದಾಗ ಕಸ ಹೆಚ್ಚಾಗ್ಯದ. ನೀರ ಎಷ್ಟ ಕುಡೀತಿ?"

ಮಧುಮತಿ ಹೇಳಿದಳು.

"ಯಾಕ?"

"ಒಂದ ಉಳದದಲ್ರಿ. ಅದಕ್ಕ ಕೆಲಸ ಕಡಿಮಿ ಆಗಲಿ ಅಂತ."

ಡಾಕ್ಟರು ವರದಿಯನ್ನು ಮಡಚಿ ಪಕ್ಕಕ್ಕಿಟ್ಟರು. ಸಿಟ್ಟಾದರೋ ಮರುಗಿದರೋ ತಿಳಿಯಲಿಲ್ಲ. "ಯವ್ವಾ, ನೀರು ಕಿಡ್ನಿಗಿ ಭಾರ ಅಲ್ಲ. ಅದರ ಕೆಲಸ ರಕ್ತ ಸೋಸೂದು. ನೀ ನೀರ ಕುಡಿ, ಬಿಡು, ನಿನ್ನ ಮೈಯಾಗಿನ ರಕ್ತ ದಿನಕ್ಕ ನೂರಾರು ಸಲ ಅದರೊಳಗ ಹಾದು ಬರ್ತದ. ಕೊಡಗಟ್ಟಲೆ ನೀರು ಸೋಸಿ, ಮೈಗಿ ಬೇಕಾದ್ದೆಲ್ಲಾ ಹೊಳ್ಳಿ ರಕ್ತಕ್ಕ ಕೊಡ್ತದ. ಬ್ಯಾಡಾಗಿದ್ದು ಒಂದೆರಡ ತಂಬಿಗಿ ಇರ್ತದ ನೋಡು, ಅದಷ್ಟ ಸಣ್ಣ ಕೊಳವಿಯೊಳಗ ಇಳದು ಮೂತ್ರದ ಚೀಲಕ್ಕ ಬರ್ತದ. ನೀ ನೀರ ಬಿಟ್ರ ಕಿಡ್ನಿಗಿ ಬರೋ ರಕ್ತನ ಕಡಿಮಿ ಆಗ್ತದ. ಇದ್ದ ನೀರು ಉಳಸಾಕ ಅದು ಎಷ್ಟ ಗುದ್ದಾಡಿರಬೇಕು! ಅದಕ್ಕ ಅಷ್ಟ ಕಡು ಬಣ್ಣ ಬಂದದ. ಮ್ಯಾಲ ನೋವಿನ ಗುಳಿಗಿ ಬ್ಯಾರೆ ನುಂಗೀದಿ, ಅದರಿಂದ ಇನ್ನೂ ಕೆಟ್ಟದ."

"ಹಂಗಂದ್ರ ನಾನ ಕೆಡಸಿಕೊಂಡೆನೇನ್ರಿ ಅದನ್ನ?"

"ಪೂರಾ ಕೆಟ್ಟಿರಲಿಕ್ಕಿಲ್ಲ. ಸಲಾಯಿನ್ ಹೋಗಲಿ, ನೋಡೋಣ."

ಹೋಗಲಿ ನೋಡೋಣ ಎಂಬ ಮಾತು ಅವಳನ್ನು ಇಡೀ ಮಧ್ಯಾಹ್ನ ಸುಟ್ಟಿತು. ಬಾಟಲಿಯಿಂದ ಹನಿ ಇಳಿಯುತ್ತಿತ್ತು. ಒಂದು ಮುಗಿದು ಇನ್ನೊಂದು ಹಚ್ಚಿದರು. ಮೂತ್ರ ಬರುತ್ತದೋ ಇಲ್ಲವೋ? ಇಷ್ಟು ದಿನ ಅದು ಬರದಿರಲಿ ಎಂದು ಬಾಯಿ ಕಟ್ಟಿದವಳು ಈಗ ಬರಲಿ ಬರಲಿ ಎಂದು ಕಂಡ ದೇವರನ್ನೆಲ್ಲ ನೆನೆಯುತ್ತ ಬಿದ್ದಿದ್ದಳು. ಬುದ್ಧನ ವಂದನೆಯನ್ನೂ ಹೇಳಿದಳು, ತವರಿನವರು ಬೌದ್ಧರಾದ ಮೇಲೂ ಅವ್ವ ಕದ್ದು ನಡೆದುಕೊಳ್ಳುತ್ತಿದ್ದ ದೇವಿಯ ಹೆಸರನ್ನೂ ಹೇಳಿದಳು. ಬಾಗಿಲ ಹೊರಗಿನ ಬೆಂಚಿನ ಈ ತುದಿಗೆ ಗಂಡ ಕೂತಿದ್ದ, ಆ ತುದಿಗೆ ಅಣ್ಣ.

ಹೊತ್ತು ಇಳಿಯುವಾಗ ಕಿಬ್ಬೊಟ್ಟೆಯಲ್ಲಿ ಸಣ್ಣಗೆ ಒತ್ತಡ ಕಾಣಿಸಿತು. ಬರಬರುತ್ತ ಹೆಚ್ಚಿತು. ಅವಳಿಗೆ ನಂಬಿಕೆ ಬರಲಿಲ್ಲ. "ಸಿಸ್ಟರ್, ನನಗ ಒಂದಕ್ಕ ಬಂದದ್ರಿ!" ಎಂದು ಅಕ್ಕಪಕ್ಕದ ಮಂಚದವರಿಗೆಲ್ಲ ಕೇಳುವಂತೆ ಕೂಗಿದಳು.

ಡಾಕ್ಟರೇ ಬಂದರು. "ತಡಕೋ. ಈಗ ಹೋಗಬ್ಯಾಡ. ಸ್ಕ್ಯಾನ್ ಕೋಣಿಗಿ ನಡಿ."

"ಆಗೂದಿಲ್ರಿ!"

"ಆಗ್ತದ. ಅಫಜಲಪುರದಾಗ ನೋಡಿದಾಗ ಚೀಲ ತುಂಬಿತ್ತೇನು?"

ಅವಳು ನಾಚಿದಳು. "ಇಲ್ರಿ. ಆಗಷ್ಟ ಹೋಗಿ ಬಂದಿದ್ದೆ."

"ಹ್ಞಾಂ. ಚೀಲ ಖಾಲಿ ಇದ್ರ ಕೆಳಗಿಂದು ಕಾಣೂದಿಲ್ಲ, ಕರಳಿನ ಗಾಳಿ ಅಡ್ಡ ಬರ್ತದ. ತುಂಬಿದ್ರ ನೀರಿನೊಳಗಿಂದ ನೋಡಿದಂಗ ತಿಳಿಯಾಗಿ ಕಾಣ್ತದ. ನನಗ ಒಂದ ಅನುಮಾನ ಅದ. ಜರಾ ತಡಕೋ."

ಮತ್ತೆ ಅದೇ ತಣ್ಣನೆಯ ಅಂಟು. ಬಲಗಡೆ ನೋಡಿದರು, ತಲೆ ಆಡಿಸಿದರು. ಎಡಗಡೆ ನೋಡಿದರು. ಅವರ ಮುಖ ಬದಲಾಗಲಿಲ್ಲ. ಇಲ್ಲ, ಇಲ್ಲವೇ ಇಲ್ಲ, ಎಂದುಕೊಂಡಳು ಮಧುಮತಿ. ಮಂಚದ ಅಂಚು ಗಟ್ಟಿಯಾಗಿ ಹಿಡಿದಳು. ಯಂತ್ರ ಹೊಕ್ಕುಳದ ಕೆಳಗೆ ಇಳಿಯಿತು, ತುಂಬಿದ ಚೀಲದ ಮೇಲೆ ಒತ್ತಿತು. ಜೀವ ಹೋದಂತಾಗಿ ಕಾಲು ಹೆಣೆದುಕೊಂಡಳು. ಯಂತ್ರ ಎಡಕ್ಕೆ ಸರಿದು ನಿಂತಿತು.

"ಇಲ್ಲೇ ಅದ ನೋಡು," ಎಂದರು ಡಾಕ್ಟರು.

"ಏನ್ರಿ?"

"ನಿನ್ನ ಕಿಡ್ನಿ. ಎಡಗಡಿದು. ಯಾರೂ ಒಯ್ದಿಲ್ಲ. ಕೆಳಗ ಕುಂತದ."

ಪರದೆಯ ಮೇಲೆ ಕಪ್ಪು ಬಿಳುಪು ಮಸುಕಿನ ನಡುವೆ ಅವರೆಕಾಳಿನ ಆಕಾರದ್ದೊಂದು ಕಂಡಿತು. ಅವರು ಬೆರಳಿಟ್ಟು ಸುತ್ತ ಗೆರೆ ಎಳೆದು ತೋರಿಸಿದರು. ಅವಳು ಮೂರು ಸಲ ಕೇಳಿದಳು, ಅವರು ಮೂರು ಸಲವೂ ಹೌದು ಎಂದರು. ಆದರೂ ಅನುಮಾನ. "ಮತ್ತ ಎರಡ ಹೆರಿಗಿ ಆದಾಗ ಸ್ಕ್ಯಾನ್ ಮಾಡಿದ್ರಲ್ರಿ? ಆವಾಗ ಯಾರೂ ಹೇಳಲಿಲ್ಲ."

"ಆವಾಗ ಕೂಸಿನ್ನ ನೋಡ್ತಾರ, ನಿನ್ನ ಯಾರ ನೋಡ್ತಾರ? ಕೇಳು. ತಾಯಿ ಹೊಟ್ಟಿಯೊಳಗ ಎಲ್ಲಾರ ಕಿಡ್ನಿನೂ ಕೆಳಗ, ಕಿಬ್ಬೊಟ್ಟಿಯೊಳಗ ತಯಾರಾಗ್ತಾವ. ಕೂಸು ಬೆಳದಂಗ ಅವು ಮ್ಯಾಲಕ್ಕ ಏರಿ ಪಕ್ಕೆಲುಬಿನ ಕೆಳಗ, ಬೆನ್ನಿಗಿ ಹತ್ತಿ ಕೂಡ್ತಾವ. ನಿಂದು ಒಂದು ಏರಿತು, ಇನ್ನೊಂದು ಏರಲಿಲ್ಲ. ಅಲ್ಲೇ ಉಳೀತು. ಅಷ್ಟ. ಹಿಂಗಿದ್ದವರಿಗಿ ಒಮ್ಮೊಮ್ಮೆ ಉರಿಮೂತ್ರದ ತ್ರಾಸು ಹೆಚ್ಚು. ಈಗ ಓಡು, ಒಂದಕ್ಕ ಹೋಗಿ ಬಾ."

ಕೈಯಲ್ಲಿ ಬಾಟಲಿ ಹಿಡಿದ ಸಿಸ್ಟರಿನ ಭುಜಕ್ಕೆ ಜೋತುಬಿದ್ದು ಅವಳು ಓಡಿದಳು. ಬಾಗಿಲು ಹಾಕಿಕೊಂಡ ಮೇಲೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದವು.

ಡಾಕ್ಟರು ಗಂಡಸರಿಬ್ಬರನ್ನೂ ಒಳಗೆ ಕರೆದು ಪರದೆ ತೋರಿಸಿ ಹೇಳಿದರು. ದೇವಾನಂದ "ಖರೇ ಏನ್ರಿ?" ಎನ್ನುತ್ತ ಪರದೆಯ ಹತ್ತಿರ ಹೋದ. ಪ್ರಬುದ್ಧ ನೋಡಲಿಲ್ಲ. ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದ. ವಾರ್ಡಿಗೆ ಮರಳಿದ್ದ ಮಧುಮತಿಯ ಕಾಲ ಹತ್ತಿರ ನಿಂತ. ಅವಳು "ಅಣ್ಣಾ" ಎಂದು ಕೈ ಚಾಚಿದಳು. ಅವನು ಆ ಕೈ ಹಿಡಿದುಕೊಂಡ. ಹಿಡಿದುಕೊಂಡೇ ದೇವಾನಂದನ ಕಡೆ ತಿರುಗಿದ. ಹೆದರಿಕೆ ಇರುವತನಕ ಬಾರದ ಸಿಟ್ಟು ಈಗ ಬಂದಿತ್ತು.

"ನಾಕ ಮಂದಿಯೊಳಗ ನನಗ ತಂಗಿ ಕಿಡ್ನಿ ಮಾರಿದಾವ ಅಂದ್ರಿ. ಇದು ಸಿಕ್ಕಿದ್ದನ್ನ ಆ ನಾಕ ಮಂದಿಗಿ ಯಾರ್ ಹೇಳ್ತಾರ?"

ಮಧುಮತಿಗೆ ತನ್ನ ಕಡೆಯಿಂದಲೂ ಹೇಳಬೇಕಾದದ್ದಿತ್ತು: ಅವಳೂ ಅನುಮಾನಪಟ್ಟಿದ್ದಳು. ಹೇಳಲು ಧೈರ್ಯ ಬರಲಿಲ್ಲ. ಅಣ್ಣನ ಕೈಯನ್ನು ಬಿಡದೆ ಹಿಡಿದುಕೊಂಡಳು, ಅಷ್ಟೇ ಅವಳಿಂದ ಆದದ್ದು.

ರಕ್ತದ ಕಸ ಇಳಿಯಿತು. ಸೋಂಕಿಗೆ ಔಷಧಿ ಕೊಟ್ಟರು. ಎರಡು ಕಿಡ್ನಿಯಲ್ಲಿ ಯಾವುದು ಎಷ್ಟು ಕೆಲಸ ಮಾಡುತ್ತಿದೆ ಎಂದು ಇನ್ನೊಂದು ಪರೀಕ್ಷೆಯಾಯಿತು. ಕೆಳಗಿನದು ಮೇಲಿನದಕ್ಕಿಂತ ತುಸು ಕಡಿಮೆ, ಆದರೆ ಚೆನ್ನಾಗಿಯೇ ಮಾಡುತ್ತಿದೆ ಎಂದರು. ನೀರು ಕುಡಿ, ಮೂತ್ರ ಕಟ್ಟಿ ಕೂರಬೇಡ, ಕೇಳದೆ ನೋವಿನ ಗುಳಿಗೆ ನುಂಗಬೇಡ, ವರ್ಷಕ್ಕೊಮ್ಮೆ ಬಂದು ತೋರಿಸು ಎಂದು ಹೇಳಿ ಮನೆಗೆ ಕಳಿಸಿದರು.

ಶಾಲೆಗೆ ಮರಳಿದಾಗ ನಿಂಬೆವ್ವ ಅವಳಿಗೆ ಬೋಗುಣಿ ಮುಟ್ಟಗೊಡಲಿಲ್ಲ. "ಭಾರ ಎತ್ತಿ ಎತ್ತಿ ಈಕಿ ಕಿಡ್ನಿ ಕೆಳಗ ಜಾರ್ಯದಂತ" ಎಂದು ಆಗಲೇ ಅರ್ಧ ಊರಿಗೆ ಹೇಳಿದ್ದಳು. ಹುಟ್ಟಿದಾಗಿನಿಂದ ಅಲ್ಲೇ ಇದೆ ಎಂದು ಮಧುಮತಿ ಎಷ್ಟು ಹೇಳಿದರೂ ಕೇಳಲಿಲ್ಲ. ಒಂದೊಂದು ದಿನ ಅವಳಿಗೇ ಹೆದರಿಕೆಯಾಗುತ್ತಿತ್ತು. ಎದ್ದ ಕೂಡಲೇ ಬಣ್ಣ ನೋಡುತ್ತಿದ್ದಳು, ನೀರಿನಂತೆ ತಿಳಿಯಾಗಿದ್ದರೆ ಮಾತ್ರ ಒಲೆ ಹಚ್ಚುತ್ತಿದ್ದಳು.

ದೇವಾನಂದ ಒಂದು ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಚೌಡಾಪುರದಲ್ಲಿ ಇಳಿದ. ಸ್ಟ್ಯಾಂಡಿನಲ್ಲಿ ಮಸೂದ, ನಾಗಣ್ಣ ಮೊದಲಾದ ಟಂಟಂದವರು ಚಹಾ ಕುಡಿಯುತ್ತಿದ್ದರು. ಅವರ ನಡುವೆ ಪ್ರಬುದ್ಧನೂ ಇದ್ದ. ದೇವಾನಂದ ಅವರ ಎದುರಿಗೆ ಹೋಗಿ ನಿಂತ.

"ಅವತ್ತ ನಾ ಇಲ್ಲಿ ನಿಂತ ಹೇಳಿದ್ದು ಸುಳ್ಳು," ಎಂದ. "ಈಕಿವು ಎರಡೂ ಕಿಡ್ನಿ ಅವ. ಡಾಕ್ಟರ್ ತೋರ್ಸ್ಯಾರ. ಈಕಿ ಅಣ್ಣಾರ ತಪ್ಪ ಏನೂ ಇಲ್ಲ. ಬಾಯಿ ನಂದು ಕೆಟ್ಟದ್ದು."

ಮಸೂದ, "ನಮಗ ಮೊದಲ ಗೊತ್ತಿತ್ತು ಬಿಡ್ರಿ," ಎಂದ. ಉಳಿದವರು ಲೋಟದೊಳಗೆ ನೋಡಿದರು. ಪ್ರಬುದ್ಧ ಲೋಟ ಕೆಳಗಿಟ್ಟ. ಎದ್ದು ಟಂಟಂ ಚಾಲೂ ಮಾಡಿದ. ಗಾಣಗಾಪುರಕ್ಕೆ ಹೋಗುವ ಮುದುಕಿಯರಿಬ್ಬರು ಹತ್ತಿದರು.

ಮಧುಮತಿ ಹತ್ತಿರ ಹೋದಳು. "ಅಣ್ಣಾ, ನಾನೂ ನಿನ್ನ ಮ್ಯಾಲ ಸಂಶೆ ಪಟ್ಟಿದ್ದೆ," ಎಂದಳು. ಎಂಜಿನ್ನಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಲು ಹೊರಟಳು.

"ಕೇಳಸ್ತು," ಎಂದ ಪ್ರಬುದ್ಧ. ಮುಖ ಬಿಗಿದೇ ಇತ್ತು. "ಬಿಸಲಾಗ ನಿಂದರಬ್ಯಾಡ. ಮನ್ಯಾಗ ಹೋಗಿ ಕುಂದರ್ರಿ ಇಬ್ಬರೂ. ಇವರನ್ನ ಬಿಟ್ಟು ಬರ್ತೇನಿ."

ಟಂಟಂ ಗಾಣಗಾಪುರದ ಹಾದಿ ಹಿಡಿಯಿತು. ಇಬ್ಬರೂ ಎಂದ ಮಾತನ್ನು ದೇವಾನಂದನೂ ಕೇಳಿಸಿಕೊಂಡಿದ್ದ. ಅವನು ಹೆಂಡತಿಯ ಕೈಚೀಲ ಇಸಿದುಕೊಂಡು, ಪ್ರಬುದ್ಧನ ಮನೆ ಯಾವ ಓಣಿಯಲ್ಲಿದೆ ಎಂದು ಗೊತ್ತಿದ್ದರೂ, ಅವಳನ್ನು ಮುಂದೆ ಬಿಟ್ಟು ಹಿಂದೆ ನಡೆದ.